ಜಯಮ್ಮ ಹಾಯಮ್ಮ ಆದದ್ದು

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು ಇರುತ್ತದೆ. ಕನ್ನಡಕ ಮರೆತು ಹೋದದ್ದುಂಟು. ಬೀಗದಕೈ ಮರೆತು ಎದುರುಮನೆಯ ಮೆಟ್ಟಿಲ ಮೇಲೆ ಎರಡು ಗಂಟೆ ಕೂತದ್ದೂ ಉಂಟು. ಕೆಂಪು ಪೆನ್ನನ್ನು ಮಾತ್ರ ಒಂದು ದಿನವೂ ಮರೆತಿಲ್ಲ. ಬೆಂಗಳೂರಿನ ವಿಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮಿಸ್ ಆಗಿದ್ದವಳು ನಾನು. ನಿವೃತ್ತಿಯ ದಿನ ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿಕೊಟ್ಟರು. ತಪ್ಪು ಕಂಡಲ್ಲಿ ತಿದ್ದುವ ಚಟವನ್ನು ಮಾತ್ರ ಯಾರೂ ವಾಪಸು ಇಸಕೊಳ್ಳಲಿಲ್ಲ.

ಇದೊಂದು ಕಾಯಿಲೆ ಅಂತ ನನಗೂ ಗೊತ್ತು. ಆರ್‌ಪಿಸಿ ಲೇಔಟಿನಲ್ಲಿ ಬೆಳಗ್ಗೆ ವಾಕಿಂಗ್ ಹೊರಟರೆ ಉಳಿದವರು ಮರ ನೋಡುತ್ತಾರೆ, ನಾನು ಬೋರ್ಡು ನೋಡುತ್ತೇನೆ. ಒಬ್ಬ ತಳ್ಳುಗಾಡಿಯವನು ಫ್ರೈಡ್ ರೈಸನ್ನು 'ಫ್ರೆಂಡ್ ರೈಸ್' ಎಂದು ಬರೆಸಿದ್ದ. ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ನಿಂತು ಹೇಳಿಯೇಬಿಟ್ಟೆ. "ಇರ್ಲಿ ಬಿಡಿ ಆಂಟಿ, ತಿನ್ನಕ್ಕೆ ಬರೋರೆಲ್ಲ ಫ್ರೆಂಡ್ಸೇ" ಅಂದ. ಆ ಬೋರ್ಡು ಇವತ್ತಿಗೂ ಹಾಗೇ ಇದೆ. ನಮ್ಮ ಯಜಮಾನರು, "ನನ್ನ ತಿಥಿ ಕಾರ್ಡನ್ನೂ ನೀನು ಎರಡು ಸಲ ಪ್ರೂಫ್ ನೋಡಿಯೇ ಪ್ರಿಂಟಿಗೆ ಕೊಡ್ತೀಯ" ಅನ್ನುತ್ತಾರೆ. ಕೊಡದೆ ಇರುತ್ತೇನೆಯೇ? ಬದುಕಿರುವಾಗ ಅವರ ಹೆಸರಿನ ಸ್ಪೆಲಿಂಗನ್ನು ಬ್ಯಾಂಕಿನವರು ಕೆಡಿಸಿದ್ದು ಸಾಕು.

ಈ ಚಟವೇ ನನ್ನನ್ನು ಜಯಮ್ಮನ ಮುಂದೆ ತಂದು ನಿಲ್ಲಿಸಿದ್ದು. ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ನಿಂತಿದ್ದೆ. ನನ್ನ ಮುಂದೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಪುಟ. ಇಣುಕಿ ಓದಬಾರದು ಅಂತ ನೀವು ಹೇಳಬಹುದು. ಆದರೆ ಅದು 'ರೆಸ್ಪೆಕ್ಟೆಡ್ ಬ್ರ್ಯಾಂಡ್' ಎಂದು ಶುರುವಾಗಿತ್ತು. ಬ್ರ್ಯಾಂಡಿಗೆ ಗೌರವಾನ್ವಿತ ಅಂದವರನ್ನು ನಾನು ನೋಡಿರಲಿಲ್ಲ. ಎರಡನೇ ಸಾಲಿನಲ್ಲೇ ಒಂದು ಕ್ರಿಯಾಪದ ಕೈಕಾಲು ಮುರಿದುಕೊಂಡು ಬಿದ್ದಿತ್ತು. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಯಿತು.

"ಸ್ವಲ್ಪ ಕೊಡ್ತೀಯಾಮ್ಮ, ಒಂದೇ ಒಂದು ತಪ್ಪು ಸರಿಮಾಡ್ತೀನಿ" ಅಂದೆ.

ಅವಳು ತಿರುಗಿ ಪೆನ್ನು ನೋಡಿದಳು, ಆಮೇಲೆ ನನ್ನ ಮುಖ. "ಮಿಸ್! ವಸಂತಾ ಮಿಸ್ ಅಲ್ವಾ? ಇನ್ನೂ ಅದೇ ರೆಡ್ ಪೆನ್ನಾ?"

"ಓಹೋ! ನೀನಾ!" ಅಂದೆ. ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಉಪಾಯ ಅದು. ನೀನಾ ಅಂದಮೇಲೆ ಅವರೇ ಹೆಸರು ಹೇಳುತ್ತಾರೆ.

"ಜಯಮ್ಮ ಮಿಸ್. ಲಾಸ್ಟ್ ಬೆಂಚು. ಉಲ್ಲಾಳದಿಂದ ಬಸ್ಸಲ್ಲಿ ಬರ್ತಾ ಇದ್ನಲ್ಲ."

ನೆನಪಾಗಲಿಲ್ಲ. ನೆನಪಾದಂತೆ ತಲೆಯಾಡಿಸಿದೆ. ಉಲ್ಲಾಳ ಆಗಿನ್ನೂ ಹಳ್ಳಿ; ಅಲ್ಲಿಂದ ನಮ್ಮ ಶಾಲೆಗೆ ಬರುತ್ತಿದ್ದ ಮಕ್ಕಳು ಎಂಟೋ ಹತ್ತೋ. ಅವಳಪ್ಪನಿಗೆ ಸ್ವಲ್ಪ ಹೊಲ, ಎಮ್ಮೆಗಳು ಇದ್ದುವಂತೆ. ಮಗಳು ಇಂಗ್ಲಿಷ್ ಕಲಿಯಲಿ ಅಂತ ಸೇರಿಸಿದ್ದರಂತೆ. ಎಂಟನೇ ಕ್ಲಾಸಿನಲ್ಲಿದ್ದಾಗ ಅವರು ತೀರಿಕೊಂಡರು, ಅವಳು ಶಾಲೆ ಬಿಟ್ಟಳು. ಸ್ವಲ್ಪ ವರ್ಷಕ್ಕೆ ಗಾರ್ಮೆಂಟ್ಸ್ ಸೇರಿದಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಶರ್ಟಿಗೆ ಕಾಲರ್ ಹೊಲಿದಿದ್ದಾಳೆ.

ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಆ ಕಾಗದದ ಕಥೆ ಹೇಳಿದಳು. ಮೈಸೂರು ರಸ್ತೆಯ ಕಡೆಯ ಅವಳ ಫ್ಯಾಕ್ಟ್ರಿಯಲ್ಲಿ ಪಕ್ಕದ ಮೆಷಿನ್ನಿನ ಹುಡುಗಿ ಏಳು ತಿಂಗಳ ಬಸುರಿ. ತಲೆ ತಿರುಗ್ತಾ ಇದೆ, ಐದು ನಿಮಿಷ ಕೂತ್ಕೊಂಡು ಬರ್ತೀನಿ ಅಂತ ಎರಡು ಸಲ ಕೇಳಿದಳು. ಟಾರ್ಗೆಟ್ ಮುಗಿಸಿ ಹೋಗು ಅಂದ ಸೂಪರ್‌ವೈಸರ್. ಮೂರನೇ ಸಲ ಕೇಳುವ ಮೊದಲೇ ಬಿದ್ದಳು. ಜಯಮ್ಮ ಎದ್ದು ಹೋಗಿ ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚು ಆರಿಸಿದಳು. ಸಾಲು ಮೆಷಿನ್ನುಗಳ ಇಡೀ ಲೈನು ನಿಂತುಹೋಯಿತು.

"ಅಷ್ಟು ವರ್ಷದಲ್ಲಿ ಆ ಹಾಲು ಅಷ್ಟು ಸೈಲೆಂಟಾಗಿದ್ದು ನಾನು ನೋಡೇ ಇರ್ಲಿಲ್ಲ ಮಿಸ್. ಎಲ್ರೂ ಎದ್ದು ಬಂದು ಅವಳನ್ನ ಎತ್ತಿ ಆಟೋಗೆ ಹಾಕಿದ್ವಿ."

ಹುಡುಗಿಯೂ ಮಗುವೂ ಉಳಿದರು. ಮಾರನೆ ದಿನ ಗೇಟಿನಲ್ಲೇ ಜಯಮ್ಮನ ಐಡಿ ಕಾರ್ಡು ಕಿತ್ತುಕೊಂಡರು. ಪ್ರೊಡಕ್ಷನ್ ನಿಲ್ಲಿಸಿದ ತಪ್ಪಿಗೆ ಡಿಸ್ಮಿಸ್. ನಾಲ್ಕು ತಿಂಗಳಾಗಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಘದವರು, ಆ ಶರ್ಟಿನ ಮೇಲೆ ಯಾರ ಲೇಬಲ್ ಇದೆಯೋ ಆ ವಿದೇಶಿ ಕಂಪನಿಗೇ ಬರೆಯೋಣ ಎಂದಿದ್ದರು. ಹಾಗೆ ಹುಟ್ಟಿದ್ದು 'ರೆಸ್ಪೆಕ್ಟೆಡ್ ಬ್ರ್ಯಾಂಡ್'.

"ಇದನ್ನ ನಾನು ಬರೆದುಕೊಡ್ತೀನಿ" ಅಂದೆ. ಅಲ್ಲೇ ಕೂತು, ಟೇಬಲ್ಲಿನ ಸಾಂಬಾರು ಒರೆಸಿ, ಚೊಕ್ಕಟವಾಗಿ ಒಂದು ಪುಟ ಬರೆದೆ. 'ಐ ಬೆಗ್ ಟು ಸ್ಟೇಟ್' ಎಂದು ಆರಂಭ, 'ಐ ಹಂಬ್ಲಿ ಪ್ರೇ' ಎಂದು ಮುಕ್ತಾಯ. ಎಷ್ಟೋ ವರ್ಷಗಳ ನಂತರ ಅಷ್ಟು ಒಳ್ಳೆಯ ಕಾಗದ ಬರೆದಿದ್ದೆ. ಓದಿ ಹೇಳಿ, ಅರ್ಥವನ್ನೂ ಹೇಳಿದೆ.

ಜಯಮ್ಮ ಲೋಟ ಕೆಳಗಿಟ್ಟಳು. "ಬೆಗ್ ಅಂದ್ರೆ ಬೇಡೋದಲ್ವಾ ಮಿಸ್?"

"ಅದು ಸುಮ್ನೆ ಹಾಗೆ ಬರೆಯೋದು ಕಣೇ. ಮರ್ಯಾದೆಗೆ."

"ನಾನೇನೂ ಬೇಡ್ತಾ ಇಲ್ವಲ್ಲ. ನನ್ನ ಕೆಲಸ ನಂಗೆ ವಾಪಸ್ ಕೊಡಿ ಅಂತ ಹೇಳ್ತಾ ಇದೀನಿ."

ಬರೆದದ್ದನ್ನು ಇನ್ನೊಂದು ಸಲ ಓದಿದೆ. ನನ್ನ ತಾತ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ದೊರೆಗಳಿಗೆ ಹೋಗುವ ಅರ್ಜಿಗಳನ್ನು ಹೀಗೇ ಬರೆಯುತ್ತಿದ್ದರು. ನನ್ನ ಅಪ್ಪ ಅವರಿಂದ ಕಲಿತರು, ನಾನು ಅಪ್ಪನಿಂದ ಕಲಿತು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದೆ. ದೊರೆಗಳು ಹಡಗು ಹತ್ತಿ ಹೋಗಿ ಎಷ್ಟು ಕಾಲವಾಯಿತು! ಎರಡು ದಿನ ರಜೆ ಬೇಕಾದ ಎಂಟನೇ ಕ್ಲಾಸಿನ ಮಕ್ಕಳಿಂದಲೂ ನಾನು ಬೇಡಿಸುತ್ತಿದ್ದೆ. ಜ್ವರ ಬಂದಿದೆ ಎಂದು ತಿಳಿಸಲು ಯಾರಾದರೂ ಯಾಕೆ ಬೇಡಬೇಕು? ಈ ಪ್ರಶ್ನೆಯನ್ನು ನನ್ನ ಲಾಸ್ಟ್ ಬೆಂಚಿನ ಹುಡುಗಿ ಕೇಳಬೇಕಾಯಿತು.

ಕೆಂಪು ಪೆನ್ನಿನಿಂದ ನನ್ನ ಸಾಲುಗಳನ್ನೇ ಹೊಡೆದುಹಾಕಿದೆ. ಹೊಸ ಕಾಗದ ಹೀಗಿತ್ತು: ನನ್ನ ಹೆಸರು ಜಯಮ್ಮ. ನಿಮ್ಮ ಶರ್ಟಿನ ಕಾಲರ್ ಹೊಲಿಯುವವಳು ನಾನು. ಆ ದಿನ ನಡೆದದ್ದು ಇದು. ನನ್ನ ಕೆಲಸ ನನಗೆ ವಾಪಸು ಬೇಕು. ಎಲ್ಲಾ ಸೇರಿ ಅರ್ಧ ಪುಟ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ.

ಕಂಪನಿಯಿಂದ ಉತ್ತರ ಬರಲಿಲ್ಲ. ಆದರೆ ಸಂಘದವರು ಜಾಣರು. ಅದೇ ಲೇಬಲ್ಲಿಗೆ ಬೇರೆ ಬೇರೆ ದೇಶಗಳಲ್ಲಿ ಹೊಲಿಯುವ ಹೆಂಗಸರ ಸಂಘಗಳಿಗೂ ಪ್ರತಿ ಕಳಿಸಿದ್ದರು. ಒಂದು ಭಾನುವಾರ ಜಯಮ್ಮ ಫೋನು ಮಾಡಿ, "ಮಿಸ್, ಈಗ್ಲೇ ಕೆಂಗೇರಿಗೆ ಬನ್ನಿ" ಅಂದಳು.

ಸಂಘದ ಆಫೀಸು ಅಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದು ರೂಮು. ಗಿರಣಿ ಓಡುವಾಗ ನೆಲ ನಡುಗುತ್ತದೆ, ಮಾತು ನಿಲ್ಲಿಸಿ ಕಾಯಬೇಕು. ರಾಗಿ ಬೀಸಿ ಮುಗಿಯುವವರೆಗೆ ಇಪ್ಪತ್ತು ಹೆಂಗಸರು ಒಂದು ಫೋನಿನ ಸುತ್ತ ಸುಮ್ಮನೆ ಕೂತಿದ್ದೆವು. ಗಿರಣಿ ನಿಂತಿತು, ವಿಡಿಯೋ ಹಾಕಿದರು. ಯಾವುದೋ ಫ್ಯಾಕ್ಟ್ರಿಯ ಗೇಟು, ಹಿಂದೆ ನೀಲಿ ಬೆಟ್ಟ, ಬಣ್ಣಬಣ್ಣದ ನೇಯ್ಗೆಯ ರವಿಕೆ ತೊಟ್ಟ ಕುಳ್ಳಗಿನ ಹೆಂಗಸರು. ಎಲ್ಲರ ಕೈಯಲ್ಲೂ ರಟ್ಟಿನ ಮೇಲೆ ದೊಡ್ಡದಾಗಿ ಬರೆದ ಹೆಸರು. ಮುಷ್ಟಿ ಎತ್ತಿ ಕೂಗುತ್ತಿದ್ದಾರೆ: "ಹಾಯಮ್ಮ! ಹಾಯಮ್ಮ!"

"ಹಾಯ್ ಅಮ್ಮ ಅಂತಿದಾರೆ ಕಣ್ರೇ!" ಅಂದಳು ಒಬ್ಬಳು. ಇಡೀ ರೂಮು ಫೋನಿಗೆ ಕೈ ಬೀಸಿ, "ಹಾಯ್! ಹಾಯ್!" ಅಂದಿತು.

ರಟ್ಟಿನ ಮೇಲಿನ ಅಕ್ಷರ ಓದಿದವಳು ನಾನು. ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಜೆ ಅಕ್ಷರವನ್ನು ಹ ಎಂದು ಉಚ್ಚರಿಸುತ್ತಾರೆ. "ಅದು ಹಾಯ್ ಅಲ್ರೀ. ಜಯಮ್ಮ ಅಂತಿದಾರೆ. ನಮ್ಮ ಜಯಮ್ಮನ್ನೇ ಕೂಗ್ತಿದಾರೆ."

ನಗು ನಿಂತಿತು. ಜಯಮ್ಮ ಫೋನು ಇಸಕೊಂಡು ಇನ್ನೊಂದು ಸಲ ನೋಡಿದಳು. ಸೆರಗಿನಿಂದ ಪರದೆ ಒರೆಸಿ ಮತ್ತೊಂದು ಸಲ. "ನಮ್ಮ ಬೀದೀಲೇ ನನ್ನ ಹೆಸರು ಪೂರ್ತಿ ಯಾರೂ ಕರೆಯಲ್ಲ ಮಿಸ್" ಅಂದಳು. ಆವತ್ತಿನಿಂದ ಸಂಘದಲ್ಲಿ ಅವಳು ಹಾಯಮ್ಮ.

ಆ ದೇಶ ಗ್ವಾಟೆಮಾಲಾ. ಮನೆಗೆ ಬಂದು ಹಳೆಯ ಅಟ್ಲಾಸು ತೆಗೆದರೆ, ಎರಡು ಅಮೆರಿಕಗಳ ನಡುವೆ ಸೊಂಟದಂತಿರುವ ಜಾಗದಲ್ಲಿ ಸಿಕ್ಕಿತು. ಇಂಗ್ಲೆಂಡಿನ ನದಿಗಳ ಹೆಸರೆಲ್ಲ ನನಗೆ ಬಾಯಿಪಾಠ. ಈ ದೇಶ ಇರುವುದು ಎಲ್ಲಿ ಅಂತ ಬೆರಳಿಟ್ಟು ಹುಡುಕಬೇಕಾಯಿತು. ಯಜಮಾನರು ಭೂತಗನ್ನಡಿ ತಂದುಕೊಟ್ಟರು.

ಎರಡು ತಿಂಗಳಿಗೆ ಆ ವಿಡಿಯೋದ ಮುಂದಿನ ಸಾಲಿನಲ್ಲಿದ್ದ ಹೆಂಗಸೇ ಬೆಂಗಳೂರಿಗೆ ಬಂದಳು. ಹೆಸರು ಮಾರ್ತಾ. ಬಟ್ಟೆ ಹೊಲಿಯುವ ಕೆಲಸಗಾರರ ಯಾವುದೋ ಅಂತರರಾಷ್ಟ್ರೀಯ ಸಭೆಗೆ ಅವಳ ಸಂಘದವರು ಕಳಿಸಿದ್ದರು. ಅದು ಮುಗಿದ ಮೇಲೆ ಕೆಂಗೇರಿಗೆ ಹೋಗಲೇಬೇಕೆಂದು ಹಟ ಹಿಡಿದಳಂತೆ. ಕೆಂಗೇರಿ ಉಪನಗರದಲ್ಲಿ ಒಂದು ಕಲ್ಯಾಣಮಂಟಪದ ಊಟದ ಹಾಲು ಸಿಕ್ಕಿತು. ಭಾನುವಾರ ಬೆಳಗ್ಗೆ ಸಭೆ. ದುಭಾಷಿ ನಾನು. ಕೈಮಗ್ಗದ ಸೀರೆ ಇಸ್ತ್ರಿ ಮಾಡಿಸಿ ಉಟ್ಟು ಹೋದೆ. ಮನಸ್ಸಿನಲ್ಲಿ, ವಿಶ್ವಸಂಸ್ಥೆಗೇ ಹೊರಟ ಗತ್ತು.

ಗತ್ತು ಐದು ನಿಮಿಷ ಉಳಿಯಿತು. ಮಾರ್ತಾ ಬಂದು ಕೂರುವ ಮೊದಲೇ ನಮ್ಮ ಹೆಂಗಸರು ಅವಳ ರವಿಕೆಯ ಅಂಚು ಹಿಡಿದು ಒಳಗುಹೊರಗು ಮಾಡಿ ನೋಡತೊಡಗಿದರು. "ಓವರ್‌ಲಾಕ್ ಇಲ್ಲ ಕಣೇ, ಪೂರಾ ಕೈ ಹೊಲಿಗೆ." "ನೋಡೇ, ಒಂದು ದಾರ ಹೊರಗೆ ಬಂದಿಲ್ಲ." ನಾನು ನಾಚಿಕೆಯಿಂದ ಕಣ್ಣುಸನ್ನೆ ಮಾಡುತ್ತಿದ್ದೆ. ಮಾರ್ತಾ ಅಷ್ಟರಲ್ಲಿ ಜಯಮ್ಮನ ರವಿಕೆಯ ತೋಳು ಮಡಚಿ, ಹೊಲಿಗೆಯ ಮೇಲೆ ಉಗುರು ಓಡಿಸಿ, ಹೆಬ್ಬೆರಳೆತ್ತಿ ತೋರಿಸಿದಳು. ಆ ಮಾತುಕತೆಗೆ ದುಭಾಷಿ ಬೇಕಾಗಿರಲಿಲ್ಲ.

ಮಾರ್ತಾಳ ಇಂಗ್ಲಿಷು ಅಮೆರಿಕದಲ್ಲಿ ಕೆಲವು ವರ್ಷ ಮನೆಗೆಲಸ ಮಾಡಿ ಕಲಿತದ್ದು. ಅದರಲ್ಲಿ ನಿನ್ನೆ ನಾಳೆ ಎಲ್ಲ ಒಂದೇ. ಬಾಸ್ ಕಮ್, ಬಾಸ್ ಸೇ ಗೋ, ಐ ನೋ ಗೋ. ಮೊದಮೊದಲು ನನ್ನ ಕೈ ಕೆಂಪು ಪೆನ್ನಿಗೆ ತಡಕಾಡಿತು. ಆಮೇಲೆ ಗಮನಿಸಿದೆ, ಅವಳು ಹೇಳಿದ ಒಂದು ಮಾತೂ ನನಗೆ ಅರ್ಥವಾಗದೆ ಹೋಗಿರಲಿಲ್ಲ.

ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಅವಳು ಎದ್ದು ನಿಂತು ತನ್ನ ಕಥೆ ಹೇಳಿದಳು. ಅವಳು ಹುಟ್ಟಿದಾಗ ಅವಳ ದೇಶದಲ್ಲಿ ಯುದ್ಧ. ಹೊರಗಿನವರ ಜೊತೆಯಲ್ಲ, ತಮ್ಮ ಸೈನಿಕರೇ ತಮ್ಮ ಹಳ್ಳಿಗಳ ಮೇಲೆ ಬೀಳುವಂಥದ್ದು. ಒಂದು ಬೆಳಗ್ಗೆ ಅಣ್ಣನನ್ನು ಕರೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಅವರಮ್ಮ ಇವತ್ತಿಗೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರಂತೆ. "ಶಾಂತಿ ಅಂತ ಭಾಷಣದಲ್ಲಿ ಹೇಳ್ತಾರೆ. ನನಗೆ ಶಾಂತಿ ಅಂದ್ರೆ, ಯಾರಾದರೂ ಬಾಗಿಲು ತಟ್ಟಿದಾಗ ಅಮ್ಮ ನಡುಗದೆ ಹೋಗಿ ತೆಗೀಬೇಕು. ಅಷ್ಟೇ" ಅಂದಳು. ನಾನು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಂದೆ.

ಆಮೇಲೆ ಅವಳು ಶಾಲೆಯ ಮಾತಿಗೆ ಬಂದಳು. ಅವರ ಮನೆಮಾತು ಸ್ಪ್ಯಾನಿಷ್ ಅಲ್ಲ. ಸ್ಪೇನಿನವರು ಹಡಗಿನಲ್ಲಿ ಬರುವ ಮೊದಲಿನಿಂದಲೂ ಆ ಬೆಟ್ಟಗಳಲ್ಲಿ ಆಡುತ್ತಿದ್ದ ಕಿಚೆ ಎಂಬ ಭಾಷೆ. ಶಾಲೆಯಲ್ಲಿ ಅದನ್ನು ಆಡುವಂತಿಲ್ಲ. ಆಡಿದವರ ಕೊರಳಿಗೆ ಮೇಡಮ್ಮು ದಾರ ಕಟ್ಟಿದ ಒಂದು ಬೋರ್ಡು ತೂಗುಹಾಕುತ್ತಿದ್ದಳು. ಸಂಜೆವರೆಗೆ ಹಾಕಿಕೊಂಡು ತಿರುಗಬೇಕು. ಮಾರ್ತಾ ಎದೆಯ ಮೇಲೆ ಕೈಯಿಂದ ಒಂದು ಚೌಕ ಬರೆದು ತೋರಿಸಿದಳು. ಆ ಬೋರ್ಡಿನ ಭಾರಕ್ಕೆ ಕೆಲವರು ಮಾತಾಡುವುದನ್ನೇ ಬಿಟ್ಟರು, ನನ್ನ ತಂಗಿ ಶಾಲೆಯನ್ನೇ ಬಿಟ್ಟಳು ಅಂದಳು. ತುಂಬ ಹೊತ್ತು ಹೇಳಿದಳು. ಆಮೇಲೆ ನನ್ನ ಕಡೆ ನೋಡಿದಳು.

ನಾನು ನೀರಿನ ಲೋಟ ಕೈಗೆತ್ತಿಕೊಂಡೆ. ನಮ್ಮ ಶಾಲೆಯಲ್ಲೂ ಅಂಥ ಒಂದು ಹಲಗೆ ಇತ್ತು. ಅಂಗೈಯಗಲದ ಮರದ ಹಲಗೆ, ಮೇಲೆ ಎರಡು ತೂತು, ಸೆಣಬಿನ ದಾರ. 'ಐ ಸ್ಪೋಕ್ ಕನ್ನಡ ಟುಡೇ'. ಅದು ಹೆಡ್‌ಮಾಸ್ಟರ ತಲೆಗೆ ಹೊಳೆದದ್ದಲ್ಲ, ನನ್ನ ತಲೆಗೆ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅಕ್ಷರ ಬರೆದದ್ದೂ ನಾನೇ, ಮುದ್ದಾದ ಕೈಬರಹದಲ್ಲಿ.

ಆಗ ನೆನಪಾದಳು, ಲಾಸ್ಟ್ ಬೆಂಚಿನ ಜಯಮ್ಮ. ಒಂದು ದಿನ ನಾನು ಕ್ಲಾಸಿನಲ್ಲಿ ಪದ್ಯ ಓದುತ್ತಾ ಓಡಾಡುತ್ತಿದ್ದೆ. ಎರಡು ಜಡೆಯ ಹುಡುಗಿಯೊಬ್ಬಳು ಗಾಬರಿಯಿಂದ ಎದ್ದು, "ಮಿಸ್, ನಿಮ್ಮ ಸೀರೆ ಮೊಳೆಗೆ ಸಿಕ್ಕಾಕೊಂಡಿದೆ!" ಅಂದಳು. ಕನ್ನಡದಲ್ಲಿ. ನಾನು ಸೀರೆ ನೋಡಿಕೊಳ್ಳಲಿಲ್ಲ. ಹೋಗಿ ಹಲಗೆ ತಂದು ಅವಳ ಕೊರಳಿಗೆ ಹಾಕಿದೆ. ಸಂಜೆ ಆ ಹಲಗೆಯೊಂದಿಗೇ ಬಸ್‌ಸ್ಟಾಪಿನ ತನಕ ಹೋಗಿ, ಯಾರೋ ನೆನಪಿಸಿದ ಮೇಲೆ ಓಡಿ ವಾಪಸು ಬಂದು ಕೊಟ್ಟುಹೋಗಿದ್ದಳು. "ಸಾರಿ ಮಿಸ್" ಅಂದಿದ್ದಳು, ಇಂಗ್ಲಿಷಿನಲ್ಲಿ.

ಇಡೀ ಹಾಲು ನನ್ನ ಬಾಯಿ ನೋಡುತ್ತಿತ್ತು. ನಾನು ಹೇಳಿದ್ದು ಇಷ್ಟು: "ಅವರಿಗೆ ಶಾಲೆ ಸ್ವಲ್ಪ ಕಷ್ಟ ಆಯ್ತಂತೆ."

"ಅಯ್ಯೋ, ಅಷ್ಟುದ್ದ ಹೇಳಿದ್ರು, ಇಷ್ಟೇನಾ?" ಅಂದರು ಯಾರೋ.

ಮುಂದಿನ ಸಾಲಿನಲ್ಲಿದ್ದ ಜಯಮ್ಮ ಮೆಲ್ಲಗೆ ಹೇಳಿದಳು. "ಬೋರ್ಡ್ ಅಂದ್ರಲ್ಲ ಮಿಸ್. ಅದು ನಂಗೆ ಅರ್ಥ ಆಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟು ಮೊದಲಿನಿಂದ ಶುರು ಮಾಡಿದೆ. ಮಾರ್ತಾ ಹೇಳಿದ್ದನ್ನೆಲ್ಲ ಹೇಳಿದೆ, ಬೋರ್ಡು, ದಾರ, ಶಾಲೆ ಬಿಟ್ಟ ತಂಗಿ. ಹೇಳಿ ಮುಗಿಸಿ, "ಇಷ್ಟು ಅವರು ಹೇಳಿದ್ದು. ಇನ್ನು ನಾನು ಹೇಳೋದು. ಅಂಥ ಮೇಡಮ್ಮು ವಿಜಯನಗರದಲ್ಲೂ ಒಬ್ಬಳಿದ್ದಳು. ಅದು ನಾನೇ. ಇಲ್ಲಿ ಕೂತಿರೋ ಜಯಮ್ಮನ ಕೊರಳಿಗೂ ಹಾಕಿದೀನಿ" ಅಂದೆ. ಅದನ್ನೇ ಮಾರ್ತಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಗ ನನ್ನ ಇಂಗ್ಲಿಷಿನಲ್ಲೂ ನಿನ್ನೆ ನಾಳೆಗಳು ಕಲಸಿಹೋದವು.

ಮಾರ್ತಾ ಬಂದು ಅಪ್ಪಿಕೊಳ್ಳುತ್ತಾಳೆ ಅಂತ ನೀವು ಎಣಿಸಿದ್ದರೆ, ನಾನೂ ಎಣಿಸಿದ್ದೆ. ಅವಳು ನನ್ನನ್ನು ಒಂದು ನಿಮಿಷ ದಿಟ್ಟಿಸಿ ನೋಡಿದಳು. "ನನ್ನ ಟೀಚರ್ ಯಾವತ್ತೂ ಹೇಳಲಿಲ್ಲ. ನೀನು ಹೇಳಿದೆ. ಒಳ್ಳೇದು. ಈಗ ಮುಂದಿನದು ಹೇಳ್ತೀನಿ, ಅನುವಾದ ಮಾಡು" ಅಂದಳು.

ಜಯಮ್ಮ ಕೈಯೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ. "ಮಿಸ್, ಒಂದು ಡೌಟು. ಅವತ್ತು ನಿಮ್ಮ ಸೀರೆ ಹರೀತಾ?"

"ಹರೀತು ಕಣೇ. ಗೇಣುದ್ದ."

"ಹೇಳಿದ್ನಲ್ಲ ಮತ್ತೆ!" ಅಂದಳು. ಹಾಲಿನಲ್ಲಿ ನಗು ಎದ್ದಿತು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡು. ಜಯಮ್ಮ ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಅವಳು ನನ್ನ ಜೊತೆ ಕೆಲಸ ಮಾಡುತ್ತಾಳೆ, ಅದು ನನಗೆ ಸಾಕು.

ಅದೇ ವಾರ ಕಂಪನಿಯವರು ಕೊನೆಗೂ ಮಾತಾಡಲು ಒಪ್ಪಿದರು. ಎರಡು ದೇಶದ ಹೆಂಗಸರು ಒಂದೇ ಹೆಸರು ಕೂಗುತ್ತಿದ್ದದ್ದು ಆ ಕಂಪನಿಯ ದೇಶದ ಪತ್ರಿಕೆಗಳಿಗೂ ಹೋಗಿತ್ತಂತೆ. ಮಂಗಳವಾರ ಮಧ್ಯಾಹ್ನ ಸಂಘದ ರೂಮಿನಿಂದ ವಿಡಿಯೋ ಕಾಲ್. ನಾನು ಹಿಂದಿನ ದಿನವೇ ಜಯಮ್ಮನಿಗಾಗಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಉಚ್ಚಾರಣೆಯನ್ನು ಕನ್ನಡದಲ್ಲಿ ಗುರುತುಹಾಕಿ ತಂದಿದ್ದೆ. ಒಂದು ಸಲವೂ ಬೆಗ್ ಅಂದಿರಲಿಲ್ಲ ಎಂಬ ಹೆಮ್ಮೆ ಬೇರೆ.

"ಚೆನ್ನಾಗಿದೆ ಮಿಸ್. ಆದ್ರೆ ನಾನು ಕನ್ನಡದಲ್ಲೇ ಮಾತಾಡ್ತೀನಿ" ಅಂದಳು ಜಯಮ್ಮ. "ಇದನ್ನ ಓದಿದ್ರೆ ನಾನು ತಪ್ಪು ಮಾಡ್ತೀನಿ ಅಂತ ಹೆದರ್ತಾ ಕೂತಿರ್ತೀನಿ. ಅವರು ಹೆದರ್ಬೇಕಾದ ಹೊತ್ತಲ್ಲಿ ನಾನ್ಯಾಕೆ ಹೆದರ್ಲಿ?"

ನಾನು ಇದನ್ನು ಮಾರ್ತಾಗೆ ಹೇಳಿದೆ. ಅವಳು ಟೇಬಲ್ ಕುಟ್ಟಿ, ಹಾಗಾದ್ರೆ ನಾನು ಕಿಚೆಯಲ್ಲಿ ಅಂದಳು. ಅವಳ ಮಾತನ್ನು ಅವಳೂರಿನ ಸಂಘದ ಒಬ್ಬ ಹುಡುಗಿ ಫೋನಿನಲ್ಲೇ ಕೂತು ಇಂಗ್ಲಿಷಿಗೆ ತಂದಳು. ಒಂದು ಗಂಟೆಯ ಕಾಲ ಆ ಕಂಪನಿ ನಮ್ಮ ಭಾಷೆಗಳ ಸಂದಿನಲ್ಲಿ ಕಾದು ಕೂತಿತ್ತು.

ಪರದೆಯ ಆ ಕಡೆ ಇದ್ದದ್ದು ಯುರೋಪಿನ ಯಾವುದೋ ಊರಿನ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಬರೆದುಕೊಳ್ಳುತ್ತಿದ್ದಳು. ಜಯಮ್ಮ ಆವತ್ತಿನ ದಿನವನ್ನು ಹೇಳಿದಳು. ಕೆಳಗೆ ಗಿರಣಿ ಎರಡು ಸಲ ಓಡಿತು, ಎರಡು ಸಲವೂ ಅಧಿಕಾರಿ ಕಾದಳು. ಕೊನೆಗೆ ಒಂದು ಪ್ರಶ್ನೆ ಕೇಳಿದಳು: ಲೈನ್ ನಿಲ್ಲಿಸುವ ಮೊದಲು ನೀವು ಅನುಮತಿ ಕೇಳಬಹುದಿತ್ತಲ್ಲವೇ?

ನಾನು ಕನ್ನಡಕ್ಕೆ ತಂದೆ. ಜಯಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು.

"ಹೊಟ್ಟೇಲಿ ಮಗು ಇದ್ದೋಳು ಅನುಮತಿ ಕೇಳಿದ್ಲು ಮೇಡಂ. ಎರಡು ಸಲ. ಕೊಡ್ಲಿಲ್ಲ. ಕೇಳೋದು ಆಗಿಹೋಗಿತ್ತು. ಅದಕ್ಕೇ ಸ್ವಿಚ್ಚು ಆರಿಸಿದೆ."

ನಾನು ಅದನ್ನು ಒಂದು ಪದವೂ ಮೆದು ಮಾಡದೆ ಇಂಗ್ಲಿಷಿಗೆ ತಂದೆ. ಸಾರಿ, ಕೈಂಡ್ಲಿ, ಪ್ಲೀಸ್ ಯಾವುದನ್ನೂ ಸೇರಿಸಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಆಡಿದ ಅತ್ಯುತ್ತಮ ಇಂಗ್ಲಿಷ್ ಅದೇ ಎಂದು ಇವತ್ತಿಗೂ ಹೇಳುತ್ತೇನೆ. ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕತ್ತೆತ್ತಿದಳು. "ಐ ಅಂಡರ್‌ಸ್ಟ್ಯಾಂಡ್" ಅಂದಳು.

ಮೂರು ವಾರಕ್ಕೆ ಜಯಮ್ಮನಿಗೆ ಐಡಿ ಕಾರ್ಡು ವಾಪಸು ಬಂತು. ಬಸುರಿಯರು ಕೂತು ಸುಧಾರಿಸಿಕೊಳ್ಳಲು ಒಂದು ರೂಮು, ಎರಡು ಬೆಂಚು ಆಯಿತು. ಸೂಪರ್‌ವೈಸರ್ ಅಲ್ಲೇ ಇದ್ದಾನೆ, ಈಗ ಕೇಳಿದರೆ ಬಿಡುತ್ತಾನಂತೆ, ಮುಖ ಗಂಟುಹಾಕಿಕೊಂಡು. ಮೊದಲ ದಿನ ಕೆಲಸಕ್ಕೆ ಹೋಗುವಾಗ ನಾನೂ ಗೇಟಿನ ತನಕ ಹೋಗಿದ್ದೆ. ಎಂಟೂವರೆಗೆ ಹೆಂಗಸರೆಲ್ಲ ಸಾಲಾಗಿ ಒಳಗೆ ಹೋಗುತ್ತಾ, "ಹಾಯಮ್ಮ! ಹಾಯಮ್ಮ!" ಅಂತ ಕೂಗಿದರು. ಸೆಕ್ಯುರಿಟಿಯವನು ತನಗೇ ಹಾಯ್ ಹೇಳುತ್ತಿದ್ದಾರೆಂದು ತಿಳಿದು ಕೈ ಬೀಸಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸಂತೋಷವಾಗುತ್ತಿತ್ತು. ಈ ಮಳೆಗಾಲದಲ್ಲಿ ಸುದ್ದಿ ಬಂತು: ಮಾರ್ತಾಳನ್ನು ಅವಳ ಫ್ಯಾಕ್ಟ್ರಿಯವರು ತೆಗೆದುಹಾಕಿದ್ದಾರೆ. ಕಾರಣ, ಗೇಟಿನ ಮುಂದೆ ಜನ ಸೇರಿಸಿದ್ದು. ಯಾರಿಗಾಗಿ ಸೇರಿಸಿದ್ದು ಅಂತ ನಮಗೆ ಗೊತ್ತಿತ್ತಲ್ಲ. ಜಯಮ್ಮ ಫೋನಿನಲ್ಲಿ ಅಳಲಿಲ್ಲ, ಬೈಯಲಿಲ್ಲ. "ಮಿಸ್, ನಿಮ್ಮ ಮನೇಲಿ ಹಳೇ ಬೆಡ್‌ಶೀಟ್ ಇದ್ಯಾ? ಬಿಳೀದು?" ಅಂದಳು.

ಬ್ಯಾನರ್ ಹೊಲಿಯುವುದಕ್ಕೆ. ಪ್ರಿಂಟ್ ಹಾಕಿಸಬಹುದಿತ್ತು. ಹೊಲಿಯೋ ಹೆಂಗಸರು ನಾವು, ಹೊಲಿದೇ ಬರೀತೀವಿ ಅಂದರು. ಕೆಂಪು ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ, ಗಿರಣಿಯ ಮೇಲಿನ ರೂಮಿನಲ್ಲಿ ಎಲ್ಲರೂ ನೆಲದ ಮೇಲೆ ಕೂತು ಹೊಲಿದೆವು. ನನಗೆ ಕೊಟ್ಟದ್ದು ಒಂದೇ ಅಕ್ಷರ, ಮಾರ್ತಾದ ಮಾ. ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ಜಯಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಸೊಟ್ಟ ಇದೆ. ಬಿಚ್ಚಿ ಹೊಲೀರಿ ಮಿಸ್" ಅಂದಳು. ಬಿಚ್ಚಿ ಹೊಲಿದೆ. ಎರಡನೇ ಸಲವೂ ಬಿಚ್ಚಿಸಿದಳು. ಒಳ್ಳೆಯ ಟೀಚರ್.

ಈಗ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೆಂಗೇರಿ ಬಸ್ ನಿಲ್ದಾಣದ ಹತ್ತಿರ ನಿಲ್ಲುತ್ತೇವೆ. ಬ್ಯಾನರಿನ ಒಂದು ತುದಿ ಜಯಮ್ಮನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಅರವತ್ತಮೂರು ವರ್ಷದ ಜೀವನದಲ್ಲಿ ನಾನು ರಸ್ತೆಯಲ್ಲಿ ನಿಂತು ಕೂಗಿದವಳಲ್ಲ. ಮೊದಲನೇ ವಾರ ಗಂಟಲೇ ಏಳಲಿಲ್ಲ. ಈಗ ಬಸ್ಸಿನ ಹಾರ್ನಿಗಿಂತ ನನ್ನ ದನಿಯೇ ಜೋರು ಅನ್ನುತ್ತಾರೆ. ಫೋಟೋ, ವಿಡಿಯೋ ಎಲ್ಲ ಕಂಪನಿಗೆ ಹೋಗುತ್ತವೆ, ಮಾರ್ತಾಗೂ ಹೋಗುತ್ತವೆ. ಆ ಅಧಿಕಾರಿ ಹುಡುಗಿ, ವಿಚಾರಿಸುತ್ತಿದ್ದೇವೆ ಎಂದು ಉತ್ತರ ಬರೆದಿದ್ದಾಳೆ. ಜಯಮ್ಮನ ವಿಷಯದಲ್ಲಿ ಮೊದಲು ಉತ್ತರವೇ ಬಂದಿರಲಿಲ್ಲ; ಈ ಸಲ ಒಂದು ಹೆಜ್ಜೆ ಮುಂದಿದ್ದೇವೆ. ಆಗುತ್ತದೆ.

ಹೋದ ಭಾನುವಾರ ಒಬ್ಬ ಪೊಲೀಸಿನವರು ಬೈಕ್ ನಿಲ್ಲಿಸಿ ಬ್ಯಾನರ್ ಓದಿದರು. "ಏನ್ರಮ್ಮಾ ಇದು? ಯಾರು ಈ ಮಾರ್ತಾ?"

"ಗಾರ್ಮೆಂಟ್ಸ್‌ನೋರು ಸಾರ್. ಕೆಲಸದಿಂದ ತೆಗ್ದಿದಾರೆ" ಅಂದಳು ಜಯಮ್ಮ.

"ಎಲ್ಲಿ ಅವರದ್ದು?"

"ಗ್ವಾಟೆಮಾಲಾ ಸಾರ್."

"ಅದೆಲ್ಲಿ ಬರುತ್ತೆ? ಬಿಡದಿ ದಾಟಿನಾ?"

"ಇನ್ನೂ ಸ್ವಲ್ಪ ಮುಂದೆ ಸಾರ್."

ಅವರು ನಮ್ಮನ್ನೆಲ್ಲ ಒಮ್ಮೆ ನೋಡಿದರು. "ನಿಮಗೇನಾಗ್ಬೇಕು ಅವರು?"

ಜಯಮ್ಮ ಯೋಚನೆ ಮಾಡಲಿಲ್ಲ. "ನಮ್ಮ ಲೈನಿನೋಳು ಸಾರ್" ಅಂದಳು.

"ಸರಿ ಸರಿ, ಬಸ್ಸಿಗೆ ಜಾಗ ಬಿಟ್ಟು ನಿಂತ್ಕೊಳಿ" ಎಂದು ಅವರು ಬೈಕು ಸ್ಟಾರ್ಟ್ ಮಾಡಿಕೊಂಡು ಹೋದರು. ನಾವು ಎರಡು ಹೆಜ್ಜೆ ಹಿಂದಕ್ಕೆ ಸರಿದೆವು. ಗಾಳಿಗೆ ಬಟ್ಟೆ ನಡುವೆ ಜೋತುಬಿತ್ತು.

"ಎಳೀರಿ ಮಿಸ್, ಹೆಸರು ಮಡಿಚ್ಕೊಂಡಿದೆ" ಅಂದಳು ಜಯಮ್ಮ.

ಎಳೆದೆ.